ಕಥೆಯಲ್ಲಿತ್ತು, ಸಿನಿಮಾದಲ್ಲಿ ಇಲ್ಲವಲ್ಲ ಸಾರ್!

ಕಥೆ ಓದಿಸಿ, ಅದೇ ಕಥೆಯ ಸಿನಿಮಾ ತೋರಿಸಿದ ಮರುದಿನ ತರಗತಿಯಲ್ಲಿ ಏಳುವ ಮೊದಲ ದನಿ ಯಾವ ಊರಿನಲ್ಲಾದರೂ ಇದೇ: ‘ಕಥೆಯಲ್ಲಿತ್ತು, ಸಿನಿಮಾದಲ್ಲಿ ಇಲ್ಲವಲ್ಲ ಸಾರ್!’ ಮೇಷ್ಟ್ರ ಹತ್ತಿರ ಇದಕ್ಕೊಂದು ಸಿದ್ಧ ಉತ್ತರವೂ ಇರುತ್ತದೆ: ‘ಸಾಹಿತ್ಯದ ಮಾಧ್ಯಮ ಬೇರೆಯಪ್ಪಾ, ಸಿನಿಮಾದ ಮಾಧ್ಯಮ ಬೇರೆ.’ ಹುಡುಗ ಕೂತುಬಿಡುತ್ತಾನೆ. ಉತ್ತರದಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಕೇಳಿಸಿಕೊಂಡ ಮೇಲೆ ಯೋಚಿಸುವುದಕ್ಕೆ ಯಾರಿಗೂ ಏನೂ ಉಳಿದಿರುವುದಿಲ್ಲ. ನನ್ನನ್ನು ಕೇಳಿದರೆ, ಆ ಹುಡುಗ ಕೂತುಕೊಳ್ಳಬಾರದಿತ್ತು. ಏನಿತ್ತು, ಯಾಕಿಲ್ಲ, ಇಲ್ಲದ್ದರಿಂದ ನಿನಗೇನು ನಷ್ಟವಾಯಿತು ಎಂದು ಅವನನ್ನೇ ಇನ್ನಷ್ಟು ಕೆಣಕಬೇಕಿತ್ತು.

ಪದವಿ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವ ಸ್ನೇಹಿತರೊಬ್ಬರಿದ್ದಾರೆ. ಸೆಮಿಸ್ಟರಿಗೆ ಒಂದೋ ಎರಡೋ ಕಥೆಗಳನ್ನು ಸಿನಿಮಾದ ಜೊತೆಗಿಟ್ಟು ಪಾಠ ಮಾಡುತ್ತಾರೆ. ಸಿನಿಮಾ ಮುಗಿದದ್ದೇ, ಚರ್ಚೆಗೆ ಮುಂಚೆ, ಎಲ್ಲರಿಂದ ಅರ್ಧ ಹಾಳೆ ಬರೆಸಿಕೊಳ್ಳುತ್ತಾರೆ. ಹೆಸರು ಬರೆಯುವಂತಿಲ್ಲ, ಅಂಕವೂ ಇಲ್ಲ. ಆ ಹಾಳೆಗಳ ಕಟ್ಟು ಆಮೇಲೆ ನನ್ನ ಮನೆಗೂ ಬರುತ್ತದೆ. ಸಿನಿಮಾ ಹುಚ್ಚು ಹತ್ತಿಸಿಕೊಂಡವರಿಗೆ ಇದಕ್ಕಿಂತ ರುಚಿಯಾದ ಓದು ನನಗಂತೂ ಗೊತ್ತಿಲ್ಲ.

ಕಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಹಾಳೆಗಳು ‘ಈ ಚಿತ್ರವು ಸಮಾಜಕ್ಕೆ ಒಂದು ಉತ್ತಮ ಸಂದೇಶವನ್ನು ನೀಡುತ್ತದೆ’ ಎಂದೇ ಶುರುವಾಗುತ್ತವೆ. ಇದು ಮಕ್ಕಳ ಮಾತಲ್ಲ, ಗೈಡಿನ ಮಾತು. ಪ್ರೈಮರಿಯಿಂದಲೂ ಪ್ರತಿ ಪಾಠದ ಕೊನೆಗೆ ‘ಈ ಪಾಠದಿಂದ ನೀವು ಕಲಿತ ನೀತಿಯೇನು’ ಎಂದು ಕೇಳುತ್ತ ಬಂದರೆ ಇನ್ನೇನಾದೀತು? ಅಂಥ ಹಾಳೆಗಳನ್ನು ಪಕ್ಕಕ್ಕಿಟ್ಟು, ಸಿಟ್ಟಿನಲ್ಲೋ ಗೊಂದಲದಲ್ಲೋ ಗೀಚಿದವುಗಳಿಗಾಗಿ ಹುಡುಕುತ್ತೇನೆ.

ಒಂದು ಸಲ ‘ಗುಲಾಬಿ ಟಾಕೀಸ್’ ಇತ್ತು. ವೈದೇಹಿಯವರ ಕಥೆಯಲ್ಲಿ ಊರಿಗೊಂದು ಟಾಕೀಸು ಬರುತ್ತದೆ. ಹೆರಿಗೆ ಮಾಡಿಸುತ್ತಿದ್ದ ಲಿಲ್ಲಿಬಾಯಿ ಅಲ್ಲಿ ಹೆಂಗಸರ ಬಾಗಿಲು ಕಾಯಲು ನಿಲ್ಲುತ್ತಾಳೆ. ಗಿರೀಶ್ ಕಾಸರವಳ್ಳಿ 2008ರಲ್ಲಿ ಮಾಡಿದ ಸಿನಿಮಾದಲ್ಲಿ ಆ ಹೆಸರಿನ ಟಾಕೀಸೇ ಇಲ್ಲ. ಅಲ್ಲಿರುವುದು ಗುಲಾಬಿ ಎಂಬ ಸೂಲಗಿತ್ತಿ. ಕುಂದಾಪುರದ ಕಡೆಯ ಮೀನುಗಾರರ ನಡುವೆ ಬದುಕುವ ಮುಸ್ಲಿಂ ಹೆಂಗಸು, ಸಿನಿಮಾ ಎಂದರೆ ಪ್ರಾಣ. ಹೆರಿಗೆ ಮಾಡಿಸಿದ್ದಕ್ಕೆ ಉಡುಗೊರೆಯಾಗಿ ಅವಳ ಮನೆಗೆ ಟೀವಿ ಬರುತ್ತದೆ, ಮೇಲೊಂದು ಡಿಶ್ ಏಳುತ್ತದೆ. ಹಿನ್ನೆಲೆಯಲ್ಲಿ 1999ರ ಕಾರ್ಗಿಲ್ ಯುದ್ಧ. ಉಮಾಶ್ರೀಯವರಿಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಪಾತ್ರ ಇದು. ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಳು: ‘ಟಾಕೀಸು ಕಟ್ಟುವುದನ್ನು ನೋಡೋಣ ಅಂತ ಕಾದು ಕೂತೆ, ಟೀವಿ ಬಂತು. ಮೋಸ ಆಯ್ತು. ನಮ್ಮಜ್ಜಿ ಟಾಕೀಸಿಗೆ ಹೋಗಬೇಕಾದರೆ ಪೆಟ್ಟಿಗೆಯಿಂದ ಸೀರೆ ತೆಗೆದು ಉಡ್ತಿದ್ರಂತೆ. ಟೀವಿ ನೋಡಕ್ಕೆ ಯಾರು ಸೀರೆ ಬದಲಾಯಿಸ್ತಾರೆ?’

ಈ ನಾಲ್ಕು ಸಾಲನ್ನು ಹಿಡಿದುಕೊಂಡು ಎಲ್ಲಿಗೆ ಬೇಕಾದರೂ ಹೋಗಬಹುದು. ಟಾಕೀಸಿಗೆ ಹೋಗುವುದೆಂದರೆ ಹೆಂಗಸು ಮನೆಯಿಂದ ಹೊರಬೀಳುವುದು. ಸೀರೆ ಉಡಬೇಕು, ಟಿಕೇಟಿಗೆ ದುಡ್ಡು ಹೊಂದಿಸಬೇಕು, ಜೊತೆ ಹುಡುಕಬೇಕು, ಮನೆಯಲ್ಲಿ ಏನಾದರೊಂದು ನೆವ ಹೇಳಬೇಕು. ಒಳಗೆ ಹೋದ ಮೇಲೆ ಕತ್ತಲು. ಪಕ್ಕದವಳು ಯಾರ ಪೈಕಿ ಎಂದು ಯಾರೂ ಕೇಳುವುದಿಲ್ಲ, ಅತ್ತರೂ ಕಾಣುವುದಿಲ್ಲ. ಟೀವಿಯ ಲೆಕ್ಕವೇ ಬೇರೆ. ಅದು ಯಾರದೋ ಒಬ್ಬರ ಮನೆಯಲ್ಲಿರುತ್ತದೆ, ಆ ಮನೆಗೆ ಜಾತಿ ಧರ್ಮ ಇರುತ್ತದೆ. ಸಿನಿಮಾದಲ್ಲಿ ಕೆಲವರು ಗುಲಾಬಿಯ ಮನೆಯತ್ತ ಸುಳಿಯುವುದೇ ಇಲ್ಲ. ಇನ್ನು ಕೆಲವರಿಗೆ ಟೀವಿ ಬೇಕು, ಹೊಸಿಲು ದಾಟುವುದು ಬೇಡ, ಬಾಗಿಲ ಹೊರಗೇ ನಿಂತು ಇಣುಕುತ್ತಾರೆ. ಕೊನೆಗೆ ನೇತ್ರು ಎಂಬ ಹೆಂಗಸು ಊರಿನಿಂದ ಕಾಣೆಯಾದಾಗ ಎಲ್ಲರ ಬೆರಳು ತಿರುಗುವುದು ಟೀವಿ ಇಟ್ಟುಕೊಂಡ ಗುಲಾಬಿಯ ಕಡೆಗೆ. ಅದೇ ನೇತ್ರು ಟಾಕೀಸಿಗೆ ಹೋಗಿ ಬರುವವಳಾಗಿದ್ದರೆ ಊರು ಸಿನಿಮಾವನ್ನು ಬೈಯುತ್ತಿತ್ತು, ಹೆಚ್ಚೆಂದರೆ ಮಾಲೀಕನನ್ನು. ಒಂಟಿ ಹೆಂಗಸಿನ ಮನೆಗೆ ನುಗ್ಗುತ್ತಿರಲಿಲ್ಲ. ಟಾಕೀಸನ್ನು ತೆಗೆದು ಟೀವಿ ಇಟ್ಟಾಗ ಕಾಸರವಳ್ಳಿಯವರು ಬರೀ ಕಾಲವನ್ನಲ್ಲ, ಕಥೆಯ ಅಪಾಯವನ್ನೇ ಬದಲಿಸಿದ್ದಾರೆ. ‘ಮಾಧ್ಯಮ ಬೇರೆ’ ಎಂದುಬಿಟ್ಟಿದ್ದರೆ ಇದ್ಯಾವುದೂ ತರಗತಿಯಲ್ಲಿ ಮಾತಿಗೆ ಬರುತ್ತಿರಲಿಲ್ಲ. ಇಷ್ಟಾದರೂ ಆ ಹುಡುಗಿಯ ಮುನಿಸು ನನಗೂ ಇದೆ. ವೈದೇಹಿಯವರ ಕಥೆಯಲ್ಲಿ ಹೆಂಗಸರೆಲ್ಲ ಸೇರಿ ಅನುಭವಿಸುವ ಒಂದು ಪುಳಕವಿದೆಯಲ್ಲ, ಅದು ಸಿನಿಮಾದಲ್ಲಿ ಬಲುಬೇಗ ಆತಂಕಕ್ಕೆ ತಿರುಗಿಬಿಡುತ್ತದೆ.

ಇನ್ನೊಂದು ಕಟ್ಟು ‘ಘಟಶ್ರಾದ್ಧ’ದ್ದು. ಅನಂತಮೂರ್ತಿಯವರ ಕಥೆ, 1977ರ ಸಿನಿಮಾ, ಕಾಸರವಳ್ಳಿಯವರಿಗೆ ಮೊದಲ ಸ್ವರ್ಣಕಮಲ. ವಿಧವೆ ಯಮುನಕ್ಕ ಬಸಿರಾಗುತ್ತಾಳೆ. ಬದುಕಿರುವ ಮಗಳಿಗೆ ಅಪ್ಪನೇ ಶ್ರಾದ್ಧ ಮಾಡಿ ಅವಳನ್ನು ಹೊರಹಾಕುತ್ತಾನೆ. ಎಲ್ಲವನ್ನೂ ನೋಡುವುದು ವೇದಪಾಠಶಾಲೆಗೆ ಬಂದು ಸೇರಿದ ಸಣ್ಣ ಹುಡುಗ ನಾಣಿ. ಹಾಳೆಗಳ ತುಂಬ ‘ವಿಧವೆಯರ ಶೋಷಣೆ’ ಎಂಬ ಮಾತೇ ತುಂಬಿತ್ತು. ಅವುಗಳ ನಡುವೆ ಒಬ್ಬ ಮಾತ್ರ ಕೊನೆಯ ಸಾಲಿನವರೆಗೂ ಯಮುನಕ್ಕನ ವಿಷಯ ಎತ್ತದೆ ಎರಡೂ ಬದಿ ಬರೆದು ತುಂಬಿಸಿದ್ದ. ಅವನು ಹಾಸ್ಟೆಲ್ ಹುಡುಗ. ಬರೆದದ್ದೆಲ್ಲ ನಾಣಿಯನ್ನು ಗೋಳು ಹುಯ್ದುಕೊಳ್ಳುವ ದೊಡ್ಡ ಹುಡುಗರ ಬಗ್ಗೆ. ಐದನೇ ಕ್ಲಾಸಿಗೆ ಹಾಸ್ಟೆಲಿಗೆ ಸೇರಿದಾಗ ಸೀನಿಯರ್‌ಗಳು ತನ್ನ ಬಕೆಟ್ ಕಿತ್ತುಕೊಂಡದ್ದು, ರಾತ್ರಿ ಮೂತ್ರಕ್ಕೆ ಏಳಲು ಹೆದರಿ ಹಾಗೇ ಬಿಗಿಹಿಡಿದು ಮಲಗಿದ್ದು, ಅಡುಗೆ ಮಾಡುವ ಅಕ್ಕ ಒಬ್ಬರು ಮಾತ್ರ ತನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದದ್ದು. ಕೊನೆಗೊಂದು ಸಾಲು: ‘ಯಮುನಕ್ಕ ಏನು ಮಾಡಿದಳು ಅಂತ ನಾಣಿಗೆ ಗೊತ್ತಿಲ್ಲ, ಅವಳು ಹೋದರೆ ತನಗ್ಯಾರೂ ಇಲ್ಲ ಅಂತ ಮಾತ್ರ ಗೊತ್ತು.’

ಪರೀಕ್ಷೆಯಲ್ಲಿ ಹೀಗೆ ಬರೆದರೆ ‘ವಿಷಯಾಂತರ’ ಎಂದು ಪಕ್ಕದಲ್ಲಿ ಕೆಂಪು ಶಾಯಿ ಬೀಳುತ್ತಿತ್ತು. ಆದರೆ ಆ ಸಿನಿಮಾದ ಬಾಗಿಲು ಇರುವುದೇ ಅಲ್ಲಿ. ಪಾಠಶಾಲೆಯಲ್ಲಿ ದೊಡ್ಡವರು ಚಿಕ್ಕವರನ್ನು ಹಿಂಡುವುದಕ್ಕೂ ಅಗ್ರಹಾರ ಯಮುನಕ್ಕನನ್ನು ಹಿಂಡುವುದಕ್ಕೂ ಹೆಚ್ಚು ದೂರವಿಲ್ಲ. ನಾಣಿ ಮೊದಲನೆಯದನ್ನು ಮೈಮೇಲೆ ಅನುಭವಿಸಿದವನು. ಎರಡನೆಯದು ಅವನಿಗೆ ಅರ್ಥವಾಗದಿದ್ದರೂ ಅದರ ವಾಸನೆ ಗೊತ್ತಾಗುತ್ತದೆ. ಅದಕ್ಕೇ ಅವನು ಅವಳ ಹಿಂದೆ ಹಿಂದೆ ಹೋಗುತ್ತಾನೆ. ವಿಧವೆಯ ಪಾಡನ್ನು ಇಪ್ಪತ್ತು ವರ್ಷದ ಹುಡುಗನೊಬ್ಬ ನೇರ ತಲುಪುವುದು ಕಷ್ಟ. ಕಿತ್ತುಕೊಂಡ ಬಕೆಟ್ಟಿನ ದಾರಿಯಿಂದ ಇವನು ತಲುಪಿದ್ದ.

ಅದೇ ಕಟ್ಟಿನಲ್ಲಿ ಒಬ್ಬಳು ‘ಹುತ್ತದ ಸೀನಲ್ಲಿ ಏನೂ ಕಾಣಲಿಲ್ಲ’ ಎಂದಷ್ಟೇ ಬರೆದು ಕೈತೊಳೆದುಕೊಂಡಿದ್ದಳು. ಸಾಯಲು ಹೊರಟ ಯಮುನಕ್ಕ ಹುತ್ತದೊಳಗೆ ಕೈ ಹಾಕುವ ದೃಶ್ಯ ಅದು. ಎಸ್. ರಾಮಚಂದ್ರ ಅವರ ಕಪ್ಪು ಬಿಳುಪು ಛಾಯಾಗ್ರಹಣದಲ್ಲಿ ಕಪ್ಪಿನದೇ ಕೆಲಸ ಹೆಚ್ಚು. ಕಿಟಕಿಗೆ ಪರದೆಯಿಲ್ಲದ ತರಗತಿ, ಮಬ್ಬು ಪ್ರೊಜೆಕ್ಟರ್, ಎಲ್ಲಿಂದಲೋ ಇಳಿಸಿಕೊಂಡ ಸವಕಲು ಪ್ರತಿ, ಎಲ್ಲ ಕೂಡಿದರೆ ಗೋಡೆಯ ಮೇಲೆ ಬೂದಿ ಬಣ್ಣ ಬಿಟ್ಟು ಬೇರೇನು ಕಂಡೀತು? ಆ ಹುಡುಗಿಯ ಪ್ರತಿಕ್ರಿಯೆಯೇ ಪ್ರಾಮಾಣಿಕ. ಕಾಣದ್ದನ್ನು ಕಂಡಂತೆ ಬರೆದವರು ಉಳಿದವರು. ಫಿಲಂ ಹೆರಿಟೇಜ್ ಫೌಂಡೇಶನ್ ಮುತುವರ್ಜಿಯಿಂದ ಈ ಸಿನಿಮಾದ ಪ್ರತಿಯನ್ನು ದುರಸ್ತಿ ಮಾಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ಅದು ನಮ್ಮ ಕಾಲೇಜುಗಳಿಗೂ ಬರುವಂತಾದರೆ, ಈ ಕಥೆ ಹುಟ್ಟಿದ ಭಾಷೆಯ ಮಕ್ಕಳಿಗೂ ಹುತ್ತ ಕಂಡೀತು.

‘ಚೋಮನ ದುಡಿ’ಯ ಬಗ್ಗೆ ಒಂದೇ ಮಾತು. ಶಿವರಾಮ ಕಾರಂತರ ಕಾದಂಬರಿ 1933ರದು. ಬಿ.ವಿ. ಕಾರಂತರ ಸಿನಿಮಾ 1975ರದು. ಚೋಮನಾಗಿದ್ದ ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ದುಡಿಯನ್ನು ಕಂಡೇ ಇರದ ಬಯಲುಸೀಮೆಯ ಹುಡುಗನೊಬ್ಬ ‘ಓದುವಾಗ ದುಡಿ ಇನ್ನೂ ಜೋರಾಗಿ ಕೇಳಿಸಿತ್ತು’ ಎಂದು ಬರೆದಿದ್ದ. ನಾನು ಅದರ ಕೆಳಗೆ ಗೆರೆ ಎಳೆದು ಸುಮ್ಮನಾದೆ.

ಹಾಗೆಂದು ಸ್ವಂತದ್ದು ಬರೆದದ್ದೆಲ್ಲ ಒಳ್ಳೆಯದೆಂದೇನೂ ಅಲ್ಲ. ತೇಜಸ್ವಿಯವರ ‘ತಬರನ ಕಥೆ’ಯ ಕಟ್ಟು ಬಂದಾಗ ಇದು ಚೆನ್ನಾಗಿ ಗೊತ್ತಾಯಿತು. ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನನ್ನು ಕಂಡದ್ದೇ, ಪ್ರತಿ ಮನೆಯಿಂದಲೂ ಒಬ್ಬ ಅಜ್ಜನೋ ಅಜ್ಜಿಯೋ ಎದ್ದು ಬಂದರು. ಅಜ್ಜಿಯ ವೃದ್ಧಾಪ್ಯ ವೇತನ, ಅಪ್ಪನ ಖಾತೆ ಬದಲಾವಣೆ, ಚಿಕ್ಕಪ್ಪನ ಬೆಳೆ ಪರಿಹಾರ. ಎಲ್ಲವೂ ನಿಜ, ಎಲ್ಲವೂ ಸಂಕಟ. ಆದರೆ ಅಜ್ಜಿಯ ಜೊತೆ ಹೋದವರು ತಬರನ ಬಳಿಗೆ ವಾಪಸು ಬರಲೇ ಇಲ್ಲ. ತಬರ ಬರೀ ಬಡಪಾಯಿಯಲ್ಲ. ತಾನೂ ಸರ್ಕಾರದ ಒಂದು ತುಂಡು ಎಂದು ನಂಬಿಕೊಂಡವನು. ಅವನನ್ನು ಅರೆಯುವ ಯಂತ್ರದಲ್ಲಿ ಅವನದೂ ಒಂದು ಹಲ್ಲಿತ್ತು. ಇದು ನಮ್ಮ ಅಜ್ಜಿಯ ಕಥೆಯಲ್ಲಿ ಇರುವುದಿಲ್ಲ. ಸಿನಿಮಾ ನೋಡಿ ಅಜ್ಜಿ ನೆನಪಾಗುವುದು ಸಹಜ. ಅಜ್ಜಿಯನ್ನು ನೆನೆದ ಮೇಲೆ ಸಿನಿಮಾ ಮೊದಲಿಗಿಂತ ನಿಚ್ಚಳವಾಗಿ ಕಂಡಿತೇ ಎಂದು ಕೇಳಿಕೊಳ್ಳದಿದ್ದರೆ, ಯಾವ ಸಿನಿಮಾ ನೋಡಿದ್ದರೂ ಅದೇ ಹಾಳೆ ಬರೆಯಬಹುದಿತ್ತು.

ಆ ಕಟ್ಟಿನಲ್ಲೇ ನನ್ನ ತಲೆ ಕೊರೆಯುತ್ತಿರುವ ಹಾಳೆಯೂ ಇತ್ತು. ‘ಕಥೆ ಓದುವಾಗ ನಗು ಬಂತು, ಸಿನಿಮಾ ನೋಡುವಾಗ ಅಳು ಬಂತು. ಯಾವುದು ಸರಿ?’ ಇಷ್ಟೇ. ಗ್ಯಾಂಗ್ರೀನ್ ಆದ ಹೆಂಡತಿಯ ಕಾಲನ್ನು ಕತ್ತರಿಸಿಕೊಡು ಎಂದು ತಬರ ಕಟುಕನ ಬಳಿ ಹೋಗುವುದನ್ನು ತೇಜಸ್ವಿ ಮುಖದ ಒಂದು ಗೆರೆಯೂ ಅಲುಗದಂತೆ ಹೇಳುತ್ತಾರೆ. ಓದುವವನು ನಕ್ಕುಬಿಡುತ್ತಾನೆ, ನಕ್ಕದ್ದಕ್ಕೆ ಆಮೇಲೆ ತಾನೇ ಬೆಚ್ಚುತ್ತಾನೆ. ಕಾಸರವಳ್ಳಿಯವರೇ ಮಾಡಿದ ಸಿನಿಮಾದಲ್ಲಿ ಚಾರುಹಾಸನ್ ಅವರ ಮುಖವಿದೆ. 1986ರ ಸಾಲಿನ ಶ್ರೇಷ್ಠ ನಟ ಪ್ರಶಸ್ತಿ ಪಡೆದ ಆ ಮುಖವನ್ನು ಎದುರಿಗಿಟ್ಟುಕೊಂಡು ನಗುವುದಾದರೂ ಹೇಗೆ? ತೇಜಸ್ವಿಯವರ ನಗುವಿನಲ್ಲಿ ವ್ಯವಸ್ಥೆ ಹಾಸ್ಯಾಸ್ಪದವಾಗುತ್ತದೆ, ಕಾಸರವಳ್ಳಿಯವರಲ್ಲಿ ಭಯಂಕರವಾಗುತ್ತದೆ. ನನ್ನ ಮತ ನಗುವಿನ ಕಡೆಗೆ. ಸ್ನೇಹಿತರದು ಅಳುವಿನ ಕಡೆಗೆ. ಫೋನಿನಲ್ಲಿ ಈ ಜಗಳ ಇನ್ನೂ ನಡೆದಿದೆ.

ಸಿನಿಮಾ ನೋಡಿ ಮಾತಾಡಲು ಪದವಿ ಬೇಕಿಲ್ಲ ಎಂಬುದನ್ನು ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಎಂದೋ ತೋರಿಸಿಕೊಟ್ಟರು. ನೀನಾಸಮ್ ಚಿತ್ರಸಮಾಜ 1973ರಲ್ಲಿ ಶುರುವಾಗಿ, ಅಡಿಕೆ ತೋಟದ ಜನ ಕುರೊಸಾವಾನ ‘ರಾಶೊಮನ್’ ನೋಡುವಂತಾಯಿತು. ಜಪಾನಿ ಭಾಷೆ ಗೊತ್ತಿರಲಿಲ್ಲ, ಗೈಡೂ ಇರಲಿಲ್ಲ. ನಮ್ಮ ತರಗತಿಗಳಲ್ಲಿ ಭಾಷೆಯೂ ಗೊತ್ತಿದೆ, ಗೈಡೂ ಇದೆ, ಮಾತು ಮಾತ್ರ ಹೊರಡುವುದಿಲ್ಲ.

ಈ ಸೆಮಿಸ್ಟರಿನಲ್ಲಿ ಸ್ನೇಹಿತರು ಒಂದು ಕಿತಾಪತಿ ಮಾಡಿದರು. ಒಂದು ವಿಭಾಗಕ್ಕೆ ಎಂದಿನಂತೆ ಕಥೆ ಮೊದಲು, ಸಿನಿಮಾ ಆಮೇಲೆ. ಇನ್ನೊಂದು ವಿಭಾಗಕ್ಕೆ ‘ಗುಲಾಬಿ ಟಾಕೀಸ್’ ಸಿನಿಮಾ ಮೊದಲು ತೋರಿಸಿ, ವಾರ ಬಿಟ್ಟು ವೈದೇಹಿಯವರ ಕಥೆಯ ಜೆರಾಕ್ಸ್ ಹಂಚಿದರು. ಎರಡನೆಯ ಕಟ್ಟು ಮೊನ್ನೆ ಬಂತು. ಮೇಲಿನ ಹಾಳೆಯಲ್ಲೇ, ದೊಡ್ಡ ಅಕ್ಷರದಲ್ಲಿ: ‘ಕಥೆ ಚೆನ್ನಾಗಿದೆ ಸಾರ್, ಆದರೆ ಲೇಖಕಿಯವರು ಟೀವಿಯನ್ನೇ ಬಿಟ್ಟುಬಿಟ್ಟಿದ್ದಾರೆ.’