ನಾಗ, ಸಂಗ್ಯಾ ಮತ್ತು ಓದುಗರ ತೀರ್ಪು: ಹುಕ್ಕೇರಿ–ಗೋಕಾಕ ಸೀಮೆಯ ನೆಲೆಯಿಂದ ಪ್ರಣಯಕಥನವನ್ನು ಕುರಿತು

ಕನ್ನಡ ವಿಮರ್ಶೆಯು ಜನಪ್ರಿಯ ಪ್ರಣಯ ಕಾದಂಬರಿಗಳ ಓದುಗರನ್ನು ಕುರಿತು ಸಾಕಷ್ಟು ಮಾತನಾಡಿದೆ; ಆ ಓದುಗರು ಏನೆನ್ನುತ್ತಾರೆಂಬುದನ್ನು ಕೇಳಿಸಿಕೊಂಡದ್ದು ಮಾತ್ರ ತೀರ ಕಡಿಮೆ. ಅವರು ಪಲಾಯನವಾದಿಗಳು, ಕಾಲಹರಣಕ್ಕಾಗಿ ಓದುವವರು, ಹಗಲುಗನಸಿನ ಗಿರಾಕಿಗಳು ಎಂಬ ತೀರ್ಮಾನಗಳು ಓದುಗರನ್ನು ಕಾಣುವ ಮೊದಲೇ ಸಿದ್ಧವಾಗಿದ್ದುವು. ಪ್ರಣಯದ ಜೊತೆಗೆ ಅತಿಮಾನುಷವೂ ಕಾಮವೂ ಸೇರಿಕೊಂಡಾಗಲಂತೂ ಈ ತೀರ್ಮಾನಕ್ಕೆ ಎದುರುಮಾತೇ ಹುಟ್ಟಲಿಲ್ಲ. ಅಂಥ ಕಥೆಗಳ ಓದುಗರು ಮತ್ತು ಕೇಳುಗರು ಯಾವ ಅಳತೆಗೋಲಿನಿಂದ ಕಥೆಯನ್ನು ಅಳೆಯುತ್ತಾರೆ ಎಂಬ ಪ್ರಶ್ನೆಯನ್ನು ಬೆಳಗಾವಿ ಜಿಲ್ಲೆಯ ಒಂದು ಸೀಮಿತ ಭೂಭಾಗದ ಕಥನಪರಂಪರೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇಂಗ್ಲಿಷಿನಲ್ಲಿ ಸ್ಟೆಫನಿ ಮೇಯರ್ ಅವರ ‘ಟ್ವೈಲೈಟ್’ (2005) ಬಂದ ತರುವಾಯ ರಕ್ತಪಿಪಾಸು ಪ್ರೇಮಿ, ತೋಳನಾಗಿ ಮಾರ್ಪಡುವ ಪ್ರೇಮಿ ಮುಂತಾದವರ ಕಥೆಗಳು ಪ್ರವಾಹದೋಪಾದಿಯಲ್ಲಿ ಹರಿದುಬಂದುವು. ಅದರ ಪಕ್ಕದಲ್ಲಿಯೇ ಮೋಟಾರ್‌ಸೈಕಲ್ ಏರಿ ಕಾನೂನಿನ ಹೊರಗೆ ಬದುಕುವ ತಂಡಗಳ ನಾಯಕರನ್ನು ಪ್ರೇಮಿಗಳನ್ನಾಗಿ ಮಾಡಿದ ಇನ್ನೊಂದು ಪ್ರಕಾರವೂ ಬೆಳೆಯಿತು. ಶೃಂಗಾರದ ವರ್ಣನೆಯಲ್ಲಿ ಮೇಯರ್ ಸಂಕೋಚದವರು. ಅವರ ಹಿಂದೆ ಬಂದ ಅನೇಕರಿಗೆ ಆ ಸಂಕೋಚವಿಲ್ಲ. ಕೈಯಲ್ಲಿನ ಫೋನಿನಲ್ಲಿಯೇ ಪುಸ್ತಕ ತೆರೆದುಕೊಳ್ಳುವ ಈ ಕಾಲದಲ್ಲಿ ನಮ್ಮ ಊರುಗಳಿಗೂ ಇವು ದೂರದವಲ್ಲ. ಇವನ್ನು ಪರದೇಶದ ಸರಕೆಂದು ಬದಿಗಿಡುವುದು ಸುಲಭ. ಆದರೆ ರೂಪ ಬದಲಿಸುವ ಪ್ರೇಮಿ ಮತ್ತು ಕಟ್ಟು ಮೀರಿದ ಪ್ರೇಮಿ ಇಬ್ಬರೂ ಘಟಪ್ರಭೆ, ಹಿರಣ್ಯಕೇಶಿಗಳ ದಂಡೆಗೆ ಬಹಳ ಹಳೆಯ ಪರಿಚಿತರು.

ಮೊದಲನೆಯವನು ನಾಗ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ ಅವರು ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಹೆಂಗಸರು ಹೇಳುವ ಕಥೆಗಳನ್ನು ಸಂಗ್ರಹಿಸಿದರು. ಗಂಡನಿಂದ ಅಲಕ್ಷಿತಳಾದ ಹೆಂಡತಿ, ವಶೀಕರಣಕ್ಕೆಂದು ಅರೆದ ಬೇರು, ಅದು ಗಂಡನ ಬದಲು ಹಾವಿನ ಹೊಟ್ಟೆ ಸೇರುವುದು, ಹಾವು ಗಂಡನ ರೂಪದಲ್ಲಿ ರಾತ್ರಿ ಬರುವುದು — ಈ ಕಥೆಯನ್ನು ರಾಮಾನುಜನ್ ಅವರಿಂದ ಕೇಳಿ ಗಿರೀಶ ಕಾರ್ನಾಡರು ‘ನಾಗಮಂಡಲ’ (1988) ರಚಿಸಿದರು. ಸಂಕೇಶ್ವರವಿರುವ ಹುಕ್ಕೇರಿ ತಾಲ್ಲೂಕಿನವೇ ಆದ ಘೋಡಗೇರಿಯಲ್ಲಿ 1937ರಲ್ಲಿ ಜನಿಸಿದ ಚಂದ್ರಶೇಖರ ಕಂಬಾರರು ‘ಸಿರಿಸಂಪಿಗೆ’ಯಲ್ಲಿ ತನ್ನನ್ನು ಎರಡಾಗಿ ಸೀಳಿಕೊಂಡ ರಾಜಕುಮಾರನನ್ನೂ ಅವನ ಒಂದು ಪಾಲು ಸರ್ಪವಾಗಿ ಬಂದು ಹೆಣ್ಣಿನ ಬಯಕೆಗೆ ಓಗೊಡುವುದನ್ನೂ ರಂಗಕ್ಕೆ ತಂದರು. ಈ ಕೃತಿಗೆ 1991ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಅತಿಮಾನುಷ, ಪ್ರಣಯ, ಕಾಮ ಈ ಮೂರೂ ಇಲ್ಲಿವೆ. ಆದರೂ ಇವುಗಳ ಪ್ರೇಕ್ಷಕರನ್ನು ಯಾರೂ ಪಲಾಯನವಾದಿಗಳೆಂದು ಕರೆಯಲಿಲ್ಲ. ಅದೇ ವಸ್ತು ಅಗ್ಗದ ಕಾಗದದ ಮೇಲೆ ಅಚ್ಚಾಗಿ ಬಸ್ ನಿಲ್ದಾಣದ ಅಂಗಡಿಯಲ್ಲಿ ನೇತುಬಿದ್ದಿದ್ದರೆ ನಮ್ಮ ತೀರ್ಪು ಬೇರೆಯಾಗುತ್ತಿತ್ತೆಂಬುದರಲ್ಲಿ ನನಗೆ ಸಂದೇಹವಿಲ್ಲ.

‘ನಾಗಮಂಡಲ’ವು ಪ್ರಸ್ತುತ ಚರ್ಚೆಗೆ ಇನ್ನೊಂದು ಕಾರಣದಿಂದಲೂ ಮುಖ್ಯವಾದುದು. ಈ ನಾಟಕದೊಳಗೇ ಕೇಳುಗರಿದ್ದಾರೆ. ಊರಿನ ಮನೆಗಳಲ್ಲಿ ದೀಪ ಆರಿಸಿದ ಮೇಲೆ ಆ ದೀಪಗಳ ಜ್ಯೋತಿಗಳು ಪಾಳುಗುಡಿಯಲ್ಲಿ ಕೂಡಿ ಹರಟುತ್ತವೆ. ಅಲ್ಲಿಗೆ ಹೆಣ್ಣಿನ ರೂಪದಲ್ಲಿ ಬಂದ ಕಥೆ ತನ್ನನ್ನು ಹೇಳಿಕೊಳ್ಳುತ್ತದೆ. ಕೊನೆಯಲ್ಲಿ ಹಾವು ಸಾಯುವ ಮುಕ್ತಾಯವನ್ನು ಜ್ಯೋತಿಗಳು ಒಪ್ಪುವುದಿಲ್ಲ. ಅವು ತಕರಾರು ತೆಗೆದ ಮೇಲೆ ಹಾವು ರಾಣಿಯ ಮುಡಿಯಲ್ಲಿ ಬದುಕಿ ಉಳಿಯುವ ಇನ್ನೊಂದು ಮುಕ್ತಾಯ ಹುಟ್ಟುತ್ತದೆ. ವಿಮರ್ಶಕರು ಇದನ್ನು ಕಥನತಂತ್ರವೆಂದು, ಬಹುಮುಖಿ ಮುಕ್ತಾಯವೆಂದು ವಿವರಿಸಿದ್ದಾರೆ. ಅದು ಸರಿಯೇ, ಆದರೆ ಜ್ಯೋತಿಗಳು ಯಾರು ಎಂಬುದನ್ನು ಮರೆಯಬಾರದು. ಅವು ಅಡುಗೆಮನೆ, ಮಲಗುವ ಕೋಣೆಗಳಲ್ಲಿ ಉರಿದು ಬಂದವು. ಮನೆಯ ಗುಟ್ಟು ಬಲ್ಲವು. ಕಾರ್ನಾಡರು ಪ್ರಣಯಕಥೆಯ ನಿಜವಾದ ಕೇಳುಗರನ್ನೇ ರಂಗದ ಮೇಲೆ ಕೂರಿಸಿ ಅವರ ಅಭಿಪ್ರಾಯಕ್ಕೆ ಕಥೆಯ ಗತಿಯನ್ನು ಬದಲಿಸುವ ಅಧಿಕಾರ ಕೊಟ್ಟಿದ್ದಾರೆ. ಕನ್ನಡ ವಿಮರ್ಶೆ ಕೊಡದ ಅಧಿಕಾರವದು.

ಜ್ಯೋತಿಗಳ ತಕರಾರಿನ ಸ್ವರೂಪವನ್ನು ಗಮನಿಸಬೇಕು. ರಾತ್ರಿಗಳ ಶೃಂಗಾರದ ಬಗೆಗೆ ಅವುಗಳಿಗೆ ಆಕ್ಷೇಪವೂ ಇಲ್ಲ, ವಿಶೇಷ ಕುತೂಹಲವೂ ಇಲ್ಲ. ಪ್ರೀತಿಸಿದವನಿಗೆ ಕೊನೆಯಲ್ಲಿ ಏನಾಯಿತು ಎಂಬುದೇ ಅವುಗಳ ಪ್ರಶ್ನೆ. ಹೆಣ್ಣನ್ನು ಹೆಣ್ಣೆಂದು ಕಂಡವನು ಹಾವು, ಬೀಗ ಹಾಕಿ ಹೋದವನು ಮನುಷ್ಯ. ಹೀಗಿರುವಾಗ ಹಾವೇ ಏಕೆ ಸಾಯಬೇಕು? ಇದು ನ್ಯಾಯದ ಪ್ರಶ್ನೆ. ಸಂದರ್ಭ ಸಂಪೂರ್ಣ ಬೇರೆಯಾದರೂ ಅಮೆರಿಕದ ಜಾನಿಸ್ ರ‍್ಯಾಡ್‌ವೇ ಅವರ ಅಧ್ಯಯನ ಇಲ್ಲಿ ನೆನಪಾಗುತ್ತದೆ. 1984ರಲ್ಲಿ ಪ್ರಕಟವಾದ ‘ರೀಡಿಂಗ್ ದ ರೊಮಾನ್ಸ್’ ಗ್ರಂಥಕ್ಕಾಗಿ ಅವರು ‘ಸ್ಮಿಥ್‌ಟನ್’ ಎಂಬ ಕಲ್ಪಿತ ಹೆಸರು ಕೊಟ್ಟ ಊರಿನ ಒಂದು ಪುಸ್ತಕದಂಗಡಿಯ ಸುತ್ತ ಕೂಡಿದ ಓದುಗಿಯರನ್ನು ಕಂಡು ಮಾತನಾಡಿಸಿದರು. ಆ ಮಹಿಳೆಯರು ಎಲ್ಲ ಪ್ರಣಯ ಕಾದಂಬರಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿರಲಿಲ್ಲ. ಸುಖಾಂತ್ಯವನ್ನು ಅವರು ಎಲ್ಲಕ್ಕಿಂತ ಮೇಲಿಟ್ಟರು. ನಾಯಕಿ ದುರ್ಬಲಳಾದ ಕಥೆ, ಬಲಾತ್ಕಾರವನ್ನು ಪ್ರೇಮವೆಂದು ತೋರಿಸುವ ಕಥೆ, ಇವೆರಡನ್ನೂ ಅವರು ಕೆಟ್ಟವೆಂದು ತಳ್ಳಿದರು. ಮೋಸಹೋಗದಿರಲೆಂದು ಕೊನೆಯ ಪುಟಗಳನ್ನು ಮೊದಲು ಓದುವವರೂ ಅವರಲ್ಲಿದ್ದರು. ಶಯ್ಯಾಗೃಹದ ವಿವರ ಅವರ ಪಟ್ಟಿಯಲ್ಲಿ ಅಗ್ರಸ್ಥಾನ ಪಡೆಯಲಿಲ್ಲ. ಹೊರಗಿನವರು ಈ ಪುಸ್ತಕಗಳಲ್ಲಿ ಮೊಟ್ಟಮೊದಲು ಕಾಣುವುದು ಕಾಮವನ್ನು. ಒಳಗಿನವರು ಮೊದಲು ಕೇಳುವುದು ನಾಯಕ ಎಂಥವನು, ನಾಯಕಿಗೆ ಕೊನೆಗೆ ದಕ್ಕಿದ್ದೇನು ಎಂಬುದನ್ನು.

ಆದರೆ ಒಂದು ಭೇದವನ್ನು ಇಲ್ಲಿಯೇ ಹೇಳಬೇಕು. ‘ನಾಗಮಂಡಲ’ದ ರಾಣಿ ಒಪ್ಪಿಗೆ ಕೊಟ್ಟದ್ದು ಗಂಡನಿಗೆ, ಬಂದವನು ಹಾವು. ಅವಳಿಗೆ ತಿಳಿದಿತ್ತೆ, ತಿಳಿದೂ ತಿಳಿಯದಂತಿದ್ದಳೆ ಎಂಬುದನ್ನು ನಾಟಕ ಬೇಕೆಂದೇ ಮಸುಕಾಗಿಟ್ಟಿದೆ. ಸ್ಮಿಥ್‌ಟನ್ನಿನ ಓದುಗಿಯರ ಅಳತೆಗೋಲಿಗೆ ಈ ನಾಗ ಸುಲಭವಾಗಿ ತೇರ್ಗಡೆಯಾಗಲಾರ. ನಮ್ಮ ವಿಮರ್ಶೆ ನಾಗನನ್ನು ಕೊಂಡಾಡುವ ಭರದಲ್ಲಿ ಈ ಪ್ರಶ್ನೆಯನ್ನು ಕೇಳಬೇಕಾದಷ್ಟು ಗಟ್ಟಿಯಾಗಿ ಕೇಳಲಿಲ್ಲ. ಜನಪ್ರಿಯ ಕಾದಂಬರಿಯ ಓದುಗರ ವಿವೇಕ ಕೆಲವೊಮ್ಮೆ ಪಂಡಿತರಿಗಿಂತ ಚುರುಕಾಗಿರುತ್ತದೆನ್ನಲು ಇದೊಂದು ನಿದರ್ಶನ.

ಎರಡನೆಯವನು, ಕಟ್ಟು ಮೀರಿದ ಪ್ರೇಮಿ, ಸಂಗ್ಯಾ. ಬೈಲಹೊಂಗಲದ ಕಡೆಯ ಘಟನೆಯನ್ನಾಧರಿಸಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟವು ಬೆಳಗಾವಿ ಸೀಮೆಯ ಊರೂರುಗಳಲ್ಲಿ ಆಡಿಕೊಂಡು ಬಂದುದು. ಗೆಳೆಯ ಈರಣ್ಣನ ಹೆಂಡತಿ ಗಂಗೆಯಲ್ಲಿ ಸಂಗ್ಯಾ ಮೋಹಗೊಳ್ಳುತ್ತಾನೆ. ಜೀವದ ಗೆಳೆಯ ಬಾಳ್ಯಾನ ದ್ರೋಹದಿಂದ ಕೊಲೆಯಾಗುತ್ತಾನೆ. ನೀತಿಯ ದೃಷ್ಟಿಯಿಂದ ಸಂಗ್ಯಾ ಅಪರಾಧಿ, ಈರಣ್ಣ ನೊಂದವನು. ಆದರೆ ಆಟವು ತನ್ನ ಹಾಡುಗಳ ಮಾಧುರ್ಯವನ್ನೆಲ್ಲ ಎರೆದದ್ದು ಯಾರಿಗೆ? ಬೆಳತನಕ ಕುಳಿತ ಜನ ಮರುಗಿದ್ದು ಯಾರಿಗಾಗಿ? ಪರಸ್ತ್ರೀವ್ಯಾಮೋಹಕ್ಕಿಂತ ಗೆಳೆತನದ ದ್ರೋಹವನ್ನು ಈ ಕಥೆ ಹಿರಿಯ ಪಾತಕವೆಂದು ಕಾಣುತ್ತದೆ. ಹೆಸರಿನಲ್ಲಿಯೇ ಗಂಗೆಯಿಲ್ಲ, ಬಾಳ್ಯಾ ಇದ್ದಾನೆ. ಮೋಟಾರ್‌ಸೈಕಲ್ ತಂಡಗಳ ಇಂಗ್ಲಿಷ್ ಪ್ರಣಯ ಕಾದಂಬರಿಗಳಲ್ಲಿಯೂ ತಂಡದ ನಿಷ್ಠೆ ಮತ್ತು ಹೆಣ್ಣಿನ ಮೇಲಣ ಪ್ರೀತಿ ಇವುಗಳ ತಿಕ್ಕಾಟವೇ ಕಥೆಯ ಬೆನ್ನೆಲುಬು. ಕಾನೂನನ್ನು ಮುರಿದವನನ್ನು ಓದುಗರು ಕ್ಷಮಿಸುತ್ತಾರೆ, ಕೊಟ್ಟ ಮಾತನ್ನು ಮುರಿದವನನ್ನು ಕ್ಷಮಿಸುವುದಿಲ್ಲ. ವ್ಯತ್ಯಾಸವೆಂದರೆ ಅಲ್ಲಿ ಮದುವೆಯಲ್ಲಿ ಮುಗಿಯುವುದು ಇಲ್ಲಿ ಕೊಲೆಯಲ್ಲಿ ಮುಗಿಯುತ್ತದೆ. ಕಂಬಾರರು ಈ ಆಟದ ಪಠ್ಯವನ್ನು ಸಂಪಾದಿಸಿದ್ದು ಕೇವಲ ಜಾನಪದಾಸಕ್ತಿಯ ಫಲವೆಂದು ತಿಳಿಯಬೇಕಾಗಿಲ್ಲ. ‘ಜೋಕುಮಾರಸ್ವಾಮಿ’ (1972) ನಾಟಕದ ಬಸಣ್ಣನಲ್ಲಿ ಸಂಗ್ಯಾನ ನೆರಳು ಇದೆಯೆಂದೇ ನನ್ನ ಎಣಿಕೆ.

ಕೇಳುಗರ ಅಭಿಪ್ರಾಯಕ್ಕೆ ಆಟದೊಳಗೆ ಎಡೆ ಮಾಡಿಕೊಡುವ ಪದ್ಧತಿಯೂ ಈ ಸೀಮೆಯದೇ. ಅಪರಾಳ ತಮ್ಮಣ್ಣನ ‘ಶ್ರೀಕೃಷ್ಣ ಪಾರಿಜಾತ’ವನ್ನು ಜನಪ್ರಿಯ ಆಟವಾಗಿಸಿದ ಕೀರ್ತಿ ಇಂದಿನ ಮೂಡಲಗಿ ತಾಲ್ಲೂಕಿನ ಕುಲಗೋಡದ ತಮ್ಮಣ್ಣನಿಗೆ ಸಲ್ಲುತ್ತದೆ. ಗೋಕಾಕ ಸೀಮೆಯ ಕೌಜಲಗಿ ನಿಂಗಮ್ಮ ಈ ಆಟದ ಹೆಸರಾಂತ ಕಲಾವಿದೆ. ಪಾರಿಜಾತದಲ್ಲಿ ಭಾಗವತನೂ ದೂತಿಯೂ ಸತ್ಯಭಾಮೆಯ ವಿರಹವನ್ನು ಕೆಣಕಿ, ಪ್ರಶ್ನಿಸಿ, ನಗೆಗೀಡುಮಾಡಿ ಮುಂದಕ್ಕೆ ಒಯ್ಯುತ್ತಾರೆ. ದೇವರ ಪ್ರಣಯಕ್ಕೂ ಊರಿನ ಬಾಯಿಂದ ಟೀಕೆ ತಪ್ಪಿದ್ದಲ್ಲ.

ಕಥೆ ಅಚ್ಚಿಗೆ ಬಂದಾಗ ಈ ಎಡೆ ಮುಚ್ಚಿಹೋಯಿತು. ಅ. ನ. ಕೃಷ್ಣರಾಯರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳನ್ನು ಕುರಿತ ವಾಗ್ವಾದ ಪ್ರಸಿದ್ಧವಾದುದು. ಅಶ್ಲೀಲದ ಆರೋಪಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಗ್ರಂಥವನ್ನೇ ಬರೆದರು. ಆರೋಪಿಸಿದವರು ಓದುಗ ಕೆಡುತ್ತಾನೆಂದರು, ಅನಕೃ ಕೆಡುವುದಿಲ್ಲವೆಂದರು. ಎರಡು ಪಕ್ಷಕ್ಕೂ ಓದುಗ ಒಂದು ಊಹೆಯಾಗಿದ್ದ. ಗೋಕಾಕ ತಾಲ್ಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರ (1919–1989) ‘ಜರತಾರಿ ಜಗದ್ಗುರು’ ಕಾವಿಯೊಳಗಿನ ಕಾಮವನ್ನು ಬಯಲಿಗಿಟ್ಟು ವಿರೋಧವನ್ನೆದುರಿಸಿತು. ಅಲ್ಲಿ ಕಾಮವು ಸಾಮಾಜಿಕ ವಿಡಂಬನೆಯ ಅಸ್ತ್ರವಾದ್ದರಿಂದ ಪ್ರಗತಿಶೀಲ ವಿಮರ್ಶೆ ಅದನ್ನು ಸಮರ್ಥಿಸಿತು. ಅದೇ ಗೋಕಾಕದಲ್ಲಿ ಶಿಕ್ಷಕರಾಗಿದ್ದು ಕೌಟುಂಬಿಕ ಕಾದಂಬರಿಗಳನ್ನು ಬರೆದ ಕೃಷ್ಣಮೂರ್ತಿ ಪುರಾಣಿಕರ ಓದುಗವರ್ಗ ಬಹಳ ದೊಡ್ಡದು. ‘ಸನಾದಿ ಅಪ್ಪಣ್ಣ’ (1977) ಚಲನಚಿತ್ರದ ಮೂಲಕಥೆಯೂ ಅವರದು. ಅವರ ಬಗೆಗಿನ ಗಂಭೀರ ವಿಮರ್ಶೆಯಾದರೋ ಬೆರಳೆಣಿಕೆಯಷ್ಟು. ಕಟ್ಟೀಮನಿಯವರನ್ನು ವಿಮರ್ಶಕರು ಓದಿದರು, ಪುರಾಣಿಕರನ್ನು ಮನೆಯ ಹೆಂಗಸರು ಓದಿದರು ಎಂದು ಹೇಳಿದರೆ ಅತಿಶಯೋಕ್ತಿಯಾಗಬಹುದು, ಸುಳ್ಳಾಗಲಾರದು.

ಅಚ್ಚಿನಲ್ಲಿ ಆದ ಇನ್ನೊಂದು ಬದಲಾವಣೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ವದ್ದು. ಮನೆಯ ಕಥೆಯಲ್ಲಿ ಒಂದಾಗಿದ್ದ ಭಯ ಮತ್ತು ಬಯಕೆ ಇಲ್ಲಿ ಬೇರೆ ಬೇರೆ ಕಪಾಟುಗಳಿಗೆ ಹೋದುವು. ಸಾಯಿಸುತೆ ಮೊದಲಾದವರ ಕಾದಂಬರಿಗಳಲ್ಲಿ ಪ್ರೇಮವಿದೆ, ಅತಿಮಾನುಷವಿಲ್ಲ. ದೇಹದ ಮಾತು ಬಂದಾಗ ಲೇಖನಿ ತಾನಾಗಿ ತಡೆಯುತ್ತದೆ. ತೆಲುಗಿನಿಂದ ಬಂದು ಕನ್ನಡದಲ್ಲಿ ಅಪಾರ ಓದುಗರನ್ನು ಗಳಿಸಿದ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ದಲ್ಲಿ ಮಾಟವಿದೆ, ಭಯವಿದೆ, 1985ರಲ್ಲಿ ಕನ್ನಡದಲ್ಲಿ ಚಲನಚಿತ್ರವೂ ಆಯಿತು. ಅದರಲ್ಲಿ ನಾಗನಂಥ ಪ್ರೇಮಿ ಇಲ್ಲ. ಸಂಕೇಶ್ವರದಂಥ ಗಡಿಪೇಟೆಯಲ್ಲಿ ಇದಕ್ಕೊಂದು ವಿಶೇಷ ಆಯಾಮವಿದೆ. ಪುಣೆ–ಬೆಂಗಳೂರು ಹೆದ್ದಾರಿಯ ಮೇಲಿರುವ, ಮಹಾರಾಷ್ಟ್ರದ ಗಡಹಿಂಗ್ಲಜಕ್ಕೆ ಹತ್ತಿರದ ಈ ಊರಿನ ಓದುಗರಿಗೆ ಎರಡು ಭಾಷೆಗಳ ಕಪಾಟುಗಳೂ ಕೈಗೆಟಕುತ್ತವೆ. ಮರಾಠಿಯಲ್ಲಿ ನಾರಾಯಣ ಧಾರಪ (1925–2008), ರತ್ನಾಕರ ಮತಕರಿ (1938–2020) ಅವರು ಭೀತಿಕಥೆ, ಗೂಢಕಥೆಗಳಿಗೆ ಒಂದು ಸ್ಥಿರವಾದ ಓದುಗವರ್ಗವನ್ನು ಕಟ್ಟಿದರು. ಕನ್ನಡದಲ್ಲಿ ಆ ಪ್ರಮಾಣದ ಸ್ವತಂತ್ರ ಪರಂಪರೆ ಬೆಳೆಯದಿರಲು, ನಮ್ಮಲ್ಲಿ ಅತಿಮಾನುಷವನ್ನು ‘ಜಾನಪದ’ವೆಂಬ ಗೌರವದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೂ ಒಂದು ಕಾರಣವಿರಬೇಕು. ಭಯವೂ ಬಯಕೆಯೂ ಒಂದೇ ಕಥೆಯಲ್ಲಿ ಬೇಕೆನ್ನುವ ಕನ್ನಡದ ಓದುಗರು ಈಗ ಇಂಗ್ಲಿಷಿಗೆ ಹೋದರೆ ಅದನ್ನು ಪರಕೀಯ ರುಚಿಯೆನ್ನುವುದು ನ್ಯಾಯವಲ್ಲ.

ಈ ಓದುಗರ ಅಭಿಪ್ರಾಯಗಳಿಗೆ ಆಕರಗಳೆಲ್ಲಿ ಎಂಬುದು ಸಂಶೋಧಕರ ಮುಂದಿನ ತೊಡಕು. ವಾರಪತ್ರಿಕೆಗಳ ಓದುಗರ ಪತ್ರಗಳು ಒಂದು ಆಕರ. ಧಾರಾವಾಹಿ ಕಾದಂಬರಿಯ ನಾಯಕಿಯನ್ನು ಕೊಲ್ಲಬೇಡಿರೆಂದು ಕೇಳುವ ಪತ್ರವು ಜ್ಯೋತಿಗಳ ತಕರಾರಿನ ಜಾತಿಯದೇ. ಆದರೆ ಅಚ್ಚಾದ ಪತ್ರಗಳು ಸಂಪಾದಕರ ಜರಡಿಯಿಂದ ಇಳಿದು ಬಂದವು. ಜರಡಿಯಿಲ್ಲದ ಆಕರವೆಂದರೆ ಗ್ರಂಥಾಲಯದ ಪ್ರತಿಯೇ. ನೂರಾರು ಕೈ ದಾಟಿದ ಕಾದಂಬರಿಯ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಮಾತುಗಳು, ಒಬ್ಬರು ಬರೆದುದಕ್ಕೆ ಇನ್ನೊಬ್ಬರು ಕೆಳಗೆ ಬರೆದ ಉತ್ತರ, ನಾಯಕನಿಗೆ ಬೈಗುಳ, ಕೊನೆಯ ಪುಟದಲ್ಲಿ ಮುಂದೆ ಓದುವವರಿಗೆ ಎಚ್ಚರಿಕೆ — ಇವನ್ನು ಪುಸ್ತಕವನ್ನು ಹಾಳುಮಾಡಿದ ಗುರುತುಗಳೆಂದು ಮಾತ್ರ ಕಾಣುವುದು ನಮ್ಮ ಅಭ್ಯಾಸ.

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಆಶ್ರಯದಲ್ಲಿ ಬೆಳೆದ ನಮ್ಮ ಗ್ರಂಥಾಲಯಗಳಲ್ಲಿ ಎಲ್ಲಕ್ಕಿಂತ ಮೊದಲು ಸವೆಯುವುದು ಇಂಥ ಕಾದಂಬರಿಗಳೇ, ಮೊದಲು ರದ್ದಿಗೆ ಹೋಗುವುದೂ ಅವೇ. ಹೆಚ್ಚು ಓದಿಸಿಕೊಂಡದ್ದೇ ಅವುಗಳ ನಾಶಕ್ಕೆ ಕಾರಣವಾಗುತ್ತದೆ. ಯಾರೂ ಮುಟ್ಟದ ಸಂಶೋಧನ ಗ್ರಂಥಗಳು (ಈ ಸಂಪುಟವೂ ಅವುಗಳಲ್ಲಿ ಸೇರೀತು) ಗಟ್ಟಿಮುಟ್ಟಾಗಿ ಉಳಿಯುತ್ತವೆ. ಹೀಗಾಗಿ ಮುಂದಿನ ಸಂಶೋಧಕನಿಗೆ ಕೇವಲ ಕಪಾಟು ನೋಡಿದರೆ ಜನ ಏನನ್ನು ಓದಿದರು ಎಂಬುದರ ತಲೆಕೆಳಗಾದ ಚಿತ್ರವೇ ಸಿಕ್ಕೀತು. ರದ್ದಿಗೆ ಹಾಕುವ ಮೊದಲು ಪ್ರತಿಯೊಂದು ಜನಪ್ರಿಯ ಶೀರ್ಷಿಕೆಯ ಅತಿ ಹೆಚ್ಚು ಸವೆದ ಒಂದು ಪ್ರತಿಯನ್ನು, ಅಂಚುಬರಹ ಮತ್ತು ಹಿಂಬದಿಗೆ ಅಂಟಿಸಿದ ದಿನಾಂಕದ ಚೀಟಿಯ ಸಮೇತ, ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ತೆಗೆದಿರಿಸಬಹುದು. ಓದುಗರ ಹೆಸರು ಅದರಲ್ಲಿ ಬೇಕಿಲ್ಲ, ದಿನಾಂಕಗಳೇ ಸಾಕು. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಶಾಖೆಗಳಿಂದ ಈ ಕೆಲಸ ಆರಂಭವಾಗಲು ಒಂದು ಕಪಾಟಿಗಿಂತ ಹೆಚ್ಚಿನ ಸ್ಥಳವೂ ಬೇಕಾಗದು.