ನೀರಿಗಿಳಿದ ಗಾಳಿತೆಪ್ಪ

"ಕರೆಂಟು ಹೋಯಿತು, ಗಾಡಿ ಇಳಿಯುತ್ತಿದೆ" ಎಂದು ರೆಫರಿ ಹೇಳಿದ ಮೇಲೆ ಮೇಜಿನ ಸುತ್ತ ಹುಟ್ಟುವ ಮೌನ ನನಗೆ ಬಹಳ ಇಷ್ಟ. ಕೆಳಗೆ ಕಡಲು, ಕಣ್ಣು ಹಾಯುವಷ್ಟು ದೂರ ದಡವಿಲ್ಲ. ದಾಳ ಹಿಡಿದ ಕೈ ಹಾಗೇ ನಿಂತಿರುತ್ತದೆ.

ನಾನು ಹೇಳುತ್ತಿರುವುದು ಟ್ರಾವೆಲರ್ ಎಂಬ ಬಾಹ್ಯಾಕಾಶ ಸಾಹಸದ ಪಾತ್ರಾಭಿನಯ ಆಟದಲ್ಲಿ ಬರುವ ಹಾರುವ ಗಾಡಿ, ಏರ್‌ರಾಫ್ಟ್ ಬಗ್ಗೆ. ಮಾರ್ಕ್ ಮಿಲ್ಲರ್ ರಚಿಸಿದ ಈ ಆಟವನ್ನು 1977ರಲ್ಲಿ ಅಮೆರಿಕದ ಗೇಮ್ ಡಿಸೈನರ್ಸ್ ವರ್ಕ್‌ಶಾಪ್ ಮೂರು ಪುಟ್ಟ ಕಪ್ಪು ಪುಸ್ತಕಗಳಾಗಿ ಹೊರತಂದಿತು. ಕಾಗದ, ಪೆನ್ಸಿಲು, ಎರಡು ದಾಳ. ಉಳಿದದ್ದೆಲ್ಲ ಆಟ ನಡೆಸುವ ರೆಫರಿಯೂ ಆಟಗಾರರೂ ಮಾತಿನಲ್ಲೇ ಕಟ್ಟಬೇಕು. ಆ ಪುಸ್ತಕಗಳ ಪೆಟ್ಟಿಗೆಯ ಮುಖದ ಮೇಲೆ ರಾಕೆಟ್ಟಿನ ಚಿತ್ರವಿಲ್ಲ. ಬೇವುಲ್ಫ್ ಎಂಬ ವ್ಯಾಪಾರಿ ಹಡಗು ಕಳಿಸಿದ ಆಪತ್ತಿನ ಕರೆಯೊಂದು ಅಚ್ಚಾಗಿದೆ. ಕೆಟ್ಟು ನಿಂತ ವಾಹನ ಈ ಆಟದ ಹೊಸ್ತಿಲಲ್ಲೇ ಕೂತಿದೆ.

ಏರ್‌ರಾಫ್ಟ್‌ಗೆ ಆ ಪುಸ್ತಕಗಳಲ್ಲಿ ಸಿಕ್ಕಿರುವುದು ಕೆಲವೇ ಸಾಲು. ಮೇಲ್ಛಾವಣಿ ಇಲ್ಲ, ನಾಲ್ಕು ಜನ ಕೂರಬಹುದು, ತೂಕ 4 ಟನ್, ಓಟ ಗಂಟೆಗೆ 100 ಕಿ.ಮೀ., ಜೋರು ಗಾಳಿಗೆ ತತ್ತರಿಸುವ ಗುಣ. ಸ್ಪೇಸ್‌ಸೂಟ್ ತೊಟ್ಟು ಕೂತರೆ ಕಕ್ಷೆಯವರೆಗೂ ಏರುತ್ತದೆ. ಗುರುತ್ವವನ್ನು ತಡೆಯುವ ಯಂತ್ರ ಕೈಕೊಟ್ಟರೆ ಏನು ಗತಿ ಎಂಬ ಮಾತು ಮಾತ್ರ ಅಲ್ಲಿಲ್ಲ. ಆದರೆ ಹೆಸರನ್ನೇ ನೋಡಿ: ರಾಫ್ಟ್ ಎಂದರೆ ತೆಪ್ಪ. ಆಕಾಶದಲ್ಲಿ ಹಾರಾಡಿದ ದಿನಗಳಲ್ಲೆಲ್ಲ ಅದಕ್ಕೆ ಆ ಹೆಸರು ಬರೀ ಅಲಂಕಾರ. ಆಕಾಶ ಕೈಬಿಟ್ಟ ದಿನ ಹೆಸರೇ ಕೆಲಸಕ್ಕೆ ಬರುತ್ತದೆ.

ಬೀಳುವ ಲೆಕ್ಕ ಕಠೋರ. ಭೂಮಿಯಷ್ಟು ಸೆಳೆತವಿರುವ ಲೋಕದಲ್ಲಿ 10 ಮೀಟರ್ ಎತ್ತರದಿಂದ ಬಿದ್ದರೆ ನೀರು ಮುಟ್ಟುವಾಗ ವೇಗ ಗಂಟೆಗೆ ಸುಮಾರು 50 ಕಿ.ಮೀ.; 100 ಮೀಟರ್‌ನಿಂದ 160ರ ಹತ್ತಿರ, ಆಗ ನೀರು ಕಲ್ಲುಚಪ್ಪಡಿಗೆ ಸಮ. ಮಂಗಳದಂಥ ಸಣ್ಣ ಲೋಕದಲ್ಲಾದರೆ ಅದೇ 10 ಮೀಟರ್‌ಗೆ 31 ಕಿ.ಮೀ. ಅದಕ್ಕೇ ಕಡಲ ಮೇಲೆ ತಗ್ಗಿನಲ್ಲಿ, ನಿಧಾನಕ್ಕೆ ಹೋಗುವ ಚಾಲಕನನ್ನು ಕಂಡರೆ ನನಗೆ ಗೌರವ.

ತೇಲುವ ಲೆಕ್ಕದ ಸೊಗಸೇ ಬೇರೆ. ಅಲ್ಲಿ ಗುರುತ್ವದ ಮಾತೇ ಬರುವುದಿಲ್ಲ. 4 ಟನ್ ಗಾಡಿ 4 ಘನ ಮೀಟರ್ ನೀರನ್ನು ಪಕ್ಕಕ್ಕೆ ಸರಿಸಿದರೆ ತೇಲಿತು. ಸೆಳೆತ ಅರ್ಧವಾದರೆ ಗಾಡಿಯ ಭಾರ ಅರ್ಧವಾಗುತ್ತದೆ, ನೀರಿನ ಭಾರವೂ ಅರ್ಧ. ತಳ 6 ಮೀಟರ್ ಉದ್ದ, 3 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ನೀರಿರುವ ಯಾವ ಲೋಕಕ್ಕೆ ಒಯ್ದರೂ ಮುಳುಗುವುದು ಒಂದು ಗೇಣು. ಕಡಲು ದ್ರವ ಅಮೋನಿಯಾದ್ದಾದರೆ ಒಂದೂವರೆ ಗೇಣು, ಏಕೆಂದರೆ ಅದು ನೀರಿಗಿಂತ ಹಗುರ. ಇದು ಹೊಳೆದ ರಾತ್ರಿ ನಾನು ಪೆನ್ಸಿಲು ಕೆಳಗಿಟ್ಟು ಸುಮ್ಮನೆ ಕೂತಿದ್ದೆ. ನಕ್ಷತ್ರಗಳ ನಡುವೆ ಎಲ್ಲೇ ಹೋದರೂ ಜೊತೆಗೆ ಬರುವ ಒಂದು ಗೇಣು!

ಗಾಳಿಯ ಮೆತ್ತೆಯ ಮೇಲೆ ಓಡುವ ನಿಜದ ಹೋವರ್‌ಕ್ರಾಫ್ಟ್ ಕಟ್ಟಿದವರೂ ಈ ಗೇಣನ್ನು ನಂಬಿದವರೇ. ಕ್ರಿಸ್ಟೋಫರ್ ಕಾಕೆರೆಲ್ 1955ರಲ್ಲಿ ಬೆಕ್ಕಿನ ತಿಂಡಿಯ ಡಬ್ಬಿಯನ್ನು ಕಾಫಿ ಡಬ್ಬಿಯೊಳಗಿಟ್ಟು, ಗಾಳಿ ಊದಿ, ಅಡುಗೆಮನೆಯ ತಕ್ಕಡಿಯಲ್ಲಿ ಅದರ ಒತ್ತಡ ತೂಗಿ ನೋಡಿದರು. 1959ರ ಜುಲೈ 25ರಂದು ಎಸ್‌ಆರ್‌ಎನ್1 ಎಂಬ ಹೋವರ್‌ಕ್ರಾಫ್ಟ್ ಇಂಗ್ಲಿಷ್ ಕಾಲುವೆ ದಾಟಿತು. ಮುಂದೆ ಬಂದ ದೊಡ್ಡ ಹೋವರ್‌ಕ್ರಾಫ್ಟ್‌ಗಳ ತಳದಲ್ಲಿ ಗಾಳಿ ತುಂಬಿದ ಕೋಣೆಗಳಿದ್ದವು. ಫ್ಯಾನು ನಿಂತರೆ ದೋಣಿಯಂತೆ ನೀರಿನ ಮೇಲೆ ಕೂರುತ್ತಿದ್ದವು. ಅಪಾಯವಿದ್ದದ್ದು ಓಟದಲ್ಲಿ: ಮುಂದಿನ ರಬ್ಬರ್ ಸ್ಕರ್ಟ್ ನೀರಿಗೆ ಸಿಕ್ಕಿ ಒಳಕ್ಕೆ ಮಡಚಿದರೆ ಮೂತಿ ಕುಕ್ಕುತ್ತದೆ.

ಬೆಂಗಳೂರಿನ ನಮ್ಮ ಮೇಜಿನಲ್ಲಿ ಒಮ್ಮೆ ಬೆಲೆರೋಫಾನ್‌ಗೆ ಹೋಗಿದ್ದೆವು. ಕೀತ್ ಸಹೋದರರ 1983ರ 'ನೋಮ್ಯಾಡ್ಸ್ ಆಫ್ ದ ವರ್ಲ್ಡ್ ಓಷನ್' ಸಾಹಸ ನಡೆಯುವ ಕಡಲಲೋಕ ಅದು. ದಗಾದಾಸಿ ಎಂಬ ದೈತ್ಯ ಜಲಚರಗಳನ್ನು ಬೇಟೆಯಾಡುವ ಅಲೆಮಾರಿಗಳ ನೆಲೆ. ನಮ್ಮ ಏರ್‌ರಾಫ್ಟ್ ಅಲೆಗಳ ಮೇಲೆ ಹತ್ತು ಮೀಟರ್ ಎತ್ತರದಲ್ಲಿ ಸತ್ತಿತು. ಮೂತಿ ಕುಕ್ಕದೆ ಮಟ್ಟಸವಾಗಿ ಕೂರಿಸಲು ರೆಫರಿ 8 ಅಥವಾ ಹೆಚ್ಚು ಕೇಳಿದ. ಎರಡು ದಾಳದಲ್ಲಿ ಅದು 36ಕ್ಕೆ 15 ಸಲ ಬೀಳುವಂಥದ್ದು. ಬಿದ್ದದ್ದು 5 ಮತ್ತು 3. ಎಲ್ಲರೂ ಉಸಿರು ಬಿಟ್ಟೆವು. ಅಷ್ಟರಲ್ಲಿ ರೆಫರಿ ಅಲೆ ಪಕ್ಕದಿಂದ ಬರುತ್ತಿದೆ ಎಂದ.

ನಾವೆಲ್ಲ ಯಂತ್ರ ರಿಪೇರಿಯ ಮಾತು ಶುರುಮಾಡಿದೆವು. ಹೊನ್ನಾವರದ ಗೆಳೆಯ ಮಾತ್ರ ಮುಂದಕ್ಕೆ ಬಾಗಿ, "ರಿಪೇರಿ ಆಮೇಲೆ ಮಾರಾಯ! ಅಲೆಗೆ ಅಡ್ಡ ಬಿದ್ದರೆ ಮಗುಚ್ತದೆ. ಮೊದಲು ಮೂತಿ ಕೊಡು ಅಲೆಗೆ" ಎಂದ. ಹುಟ್ಟಿಲ್ಲ, ಚುಕ್ಕಾಣಿಯಿಲ್ಲ, ಮೂತಿ ತಿರುಗಿಸುವುದು ಹೇಗೆ? ಸಾಮಾನು ಮುಚ್ಚುವ ಟಾರ್ಪಾಲು ಇದೆಯಾ ಎಂದು ಕೇಳಿದ. ಇತ್ತು. ಅದರ ನಾಲ್ಕು ಮೂಲೆ ಸೇರಿಸಿ ಜೋಳಿಗೆ ಮಾಡಿ, ಹಗ್ಗ ಕಟ್ಟಿ, ಮೂತಿಯ ಕಡೆಯಿಂದ ನೀರಿಗೆ ಬಿಡಿಸಿದ. ಜೋಳಿಗೆ ನೀರು ತುಂಬಿಕೊಂಡು ನೀರಿನ ತಡೆಗೆ ಹಿಂದೆ ನಿಲ್ಲುತ್ತದೆ, ಗಾಳಿ ಗಾಡಿಯನ್ನು ತಳ್ಳುತ್ತದೆ, ಹಗ್ಗ ಬಿಗಿಯಾಗುತ್ತದೆ, ಮೂತಿ ತಾನಾಗಿ ಅಲೆಯತ್ತ ಹೊರಳುತ್ತದೆ. ರೆಫರಿ ದಾಳ ಕೇಳಲೇ ಇಲ್ಲ. ಅಷ್ಟು ಸರಿಯಾದ ಮಾತಿಗೆ ದಾಳ ಕೇಳಬಾರದೆಂಬ ವಿವೇಕ ಅವನಿಗಿತ್ತು. ಒಳ್ಳೆಯ ರೆಫರಿಯ ಗುರುತು ಅದೇ ಎನ್ನುತ್ತೇನೆ.

ಅಂಚು ದಾಟಿ ನೀರು ಒಳಬರುತ್ತಲೇ ಇತ್ತು. ಗೇಣಿದ್ದದ್ದು ಒಂದೂವರೆ ಗೇಣಾಯಿತು. ಬಕೆಟ್ಟು ಯಾರ ಪಟ್ಟಿಯಲ್ಲೂ ಇರಲಿಲ್ಲ. ನನ್ನ ಪಾತ್ರ ಸ್ಪೇಸ್‌ಸೂಟಿನ ಹೆಲ್ಮೆಟ್ಟು ಕಳಚಿ ತಲೆಕೆಳಗು ಮಾಡಿ, ಒಂದೊಂದೇ ಬೊಗಸೆಯಂತೆ ನೀರು ಮೊಗೆದು ಹೊರಚೆಲ್ಲಲು ಕೂತಿತು. ಸಂಜೆಯವರೆಗೆ ಎಂದೆ.