ಮುಖ, ಮುಸುಕು ಮತ್ತು ವಿದ್ಯೆ

ವಿದ್ಯೆಯು ಗುರುವಿನ ಮಾತಿನಿಂದ ಹರಿಯುವಂತೆ ಮುಖದಿಂದಲೂ ಹರಿಯುತ್ತದೆ. ಮಗುವು ಗುರುವಿನ ತುಟಿಯನ್ನು ನೋಡಿ ಉಚ್ಚಾರವನ್ನು ತಿದ್ದಿಕೊಳ್ಳುತ್ತದೆ. ಗುರುವು ಮಗುವಿನ ಕಣ್ಣಿನಲ್ಲಿ ಸಂಶಯವನ್ನು ಓದುತ್ತಾನೆ. ಶಾಲೆಯಲ್ಲಿ ಧಾರ್ಮಿಕ ಮುಸುಕಿನ ಪ್ರಶ್ನೆ ಎದ್ದಾಗ ವಿಚಾರವಂತರು ಮೊದಲು ನೆನೆಯತಕ್ಕ ಸಂಗತಿಯಿದು.

ಇಂಗ್ಲೆಂಡಿನ ಡ್ಯೂಸ್‌ಬರಿಯಲ್ಲಿ 2006ರಲ್ಲಿ ಇಂಥದೊಂದು ವ್ಯಾಜ್ಯ ನಡೆಯಿತು. ಇಂಗ್ಲಿಷು ಮನೆಮಾತಲ್ಲದ ಮಕ್ಕಳಿಗೆ ನೆರವಾಗುತ್ತಿದ್ದ ಸಹಾಯಕಿಯೊಬ್ಬರು ಪುರುಷ ಅಧ್ಯಾಪಕರ ಎದುರಿನಲ್ಲಿ ಮುಖದ ಪರದೆಯನ್ನು ತೆಗೆಯಲೊಪ್ಪಲಿಲ್ಲ. ಶಾಲೆಯವರು ಆಕೆಯ ಬೋಧನೆಯನ್ನು ಪರದೆಯಿದ್ದಾಗಲೂ ಇಲ್ಲದಾಗಲೂ ಗಮನಿಸಿ, ಪರದೆಯಿಂದ ಕಲಿಕೆ ಕುಗ್ಗುವುದೆಂದು ಕಂಡುಕೊಂಡರು. ನ್ಯಾಯಮಂಡಳಿಯು ಮತೀಯ ತಾರತಮ್ಯದ ದೂರನ್ನು ತಳ್ಳಿಹಾಕಿತು. ಆದರೂ ಆಕೆಯ ಅಹವಾಲನ್ನು ನಡೆಸಿಕೊಂಡ ರೀತಿಗಾಗಿ 1,100 ಪೌಂಡು ಪರಿಹಾರ ಕೊಡಿಸಿತು. 2007ರಲ್ಲಿ ಆಕೆಯ ಮೇಲ್ಮನವಿಯೂ ವಜಾ ಆಯಿತು. ಮಗುವಿನ ಕಲಿಕೆಯನ್ನೇ ಒರೆಗಲ್ಲಾಗಿ ಇರಿಸಿಕೊಂಡದ್ದು ಈ ನಿರ್ಣಯದ ಗುಣ.

ಇದೇ ಒರೆಗಲ್ಲಿಗೆ ನಮ್ಮ ನಾಡಿನ ಪ್ರಕರಣವನ್ನು ಹಚ್ಚಿ ನೋಡೋಣ. ಉಡುಪಿಯ ವಿದ್ಯಾರ್ಥಿನಿಯರು ಧರಿಸಬಯಸಿದ್ದು ತಲೆವಸ್ತ್ರವನ್ನು. ಅದರಲ್ಲಿ ಮುಖ ತೆರೆದೇ ಇರುತ್ತದೆ. 2022ರ ಫೆಬ್ರವರಿ 5ರ ಸರ್ಕಾರಿ ಆಜ್ಞೆಯನ್ನು ಎತ್ತಿಹಿಡಿದ ಉಚ್ಚ ನ್ಯಾಯಾಲಯವು ಮಾರ್ಚ್ 15ರಂದು, ಹಿಜಾಬು ಇಸ್ಲಾಮಿನ ಅವಶ್ಯಕ ಆಚರಣೆಯಲ್ಲವೆಂದು ಸಾರಿತು. ತಲೆಯ ಮೇಲಿನ ಬಟ್ಟೆಯಿಂದ ಪಾಠಕ್ಕೆ ಏನು ಕುಂದು ಎಂಬುದಕ್ಕಿಂತ, ಧರ್ಮಗ್ರಂಥದ ಅರ್ಥವೇನೆಂಬುದೇ ಅಲ್ಲಿ ಮುಂದಾಯಿತು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಇಷ್ಟಲಿಂಗ ಧರಿಸಿ ಶಾಲೆಗೆ ಹೋದ ನಮ್ಮನ್ನು ಯಾರಾದರೂ ಬಾಗಿಲಲ್ಲಿ ತಡೆದು, ಇವು ನಿಮ್ಮ ಧರ್ಮಕ್ಕೆ ಅವಶ್ಯಕವೆಂದು ಮೊದಲು ಸಾಧಿಸಿರಿ ಎಂದಿದ್ದರೆ ನಮ್ಮ ವಿದ್ಯೆಯ ಗತಿಯೇನಾಗುತ್ತಿತ್ತು?

2022ರ ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಭಿನ್ನಮತ ತಳೆದರು. ಸಮವಸ್ತ್ರವು ಸಮಾನತೆಯನ್ನು ಬೆಳೆಸುವುದೆಂಬ ಹೇಮಂತ ಗುಪ್ತರ ವಾದ ತಳ್ಳಿಹಾಕತಕ್ಕದ್ದಲ್ಲ. ಬಡವ ಬಲ್ಲಿದರ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದವರಿಗೆ ಅದರ ಬೆಲೆ ಗೊತ್ತು. ಆದರೆ ಹುಡುಗಿಯನ್ನು ಪಂಕ್ತಿಯಿಂದಲೇ ಎಬ್ಬಿಸಿದ ಮೇಲೆ ಸಮಾನತೆ ಯಾರಿಗೆ? ಸುಧಾಂಶು ಧೂಲಿಯಾ ಅವರು ಅವಶ್ಯಕ ಆಚರಣೆಯ ಜಿಜ್ಞಾಸೆಯನ್ನೇ ಅನಗತ್ಯವೆಂದು ಬದಿಗಿಟ್ಟು, ಹೆಣ್ಣುಮಕ್ಕಳ ಶಿಕ್ಷಣವನ್ನು ಮುಂದಿಟ್ಟರು. ನಮಗೆ ಈ ಮಾರ್ಗವೇ ಹೆಚ್ಚು ಸಮಂಜಸವಾಗಿ ತೋರುತ್ತದೆ.

ಕಲಿಕೆಗಾಗಿ ಮುಖವನ್ನು ತೆರೆದಿಡೆಂದು ಕೇಳುವ ಅಧಿಕಾರ ಗುರುವಿಗುಂಟು. ಮುಖ ತೆರೆದು ಪುಸ್ತಕ ಹಿಡಿದು ಬಂದ ಮಗುವನ್ನು ಬಾಗಿಲಿನಿಂದ ಹಿಂದಿರುಗಿಸುವ ಅಧಿಕಾರ ಯಾವ ಗುರುವಿಗೂ ಇಲ್ಲ.